ಹಾಲಿಗಿಂತ ಗೋಡೆ ಕಷ್ಟ

ಎಂಟು ವರ್ಷ ಜಲವರ್ಣದಲ್ಲೇ ಆಡಿಕೊಂಡಿದ್ದವನಿಗೆ ಆಯಿಲ್ ಪೇಂಟಿಂಗ್ ಕಲಿಯುವ ಆಸೆ ಹತ್ತಿತು. ಕ್ಲಾಸಿಗೆ ಹೋಗಲು ಪುರುಸೊತ್ತಿಲ್ಲ. ಹಳೆಯ ಒಂದು ಚಿತ್ರ ಹಿಡಿದು ಹಾಗೇ ನಕಲು ಮಾಡೋಣ ಅಂತ ಕೂತೆ. ಆರಿಸಿದ್ದು ಡಚ್ ಕಲಾವಿದ ವರ್ಮೀರ್‌ನ ಹಾಲು ಸುರಿಯುವ ಹೆಂಗಸು, 1660ರ ಆಸುಪಾಸಿನದು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಅದರ ದೊಡ್ಡ ಫೋಟೊವನ್ನು ಪುಕ್ಕಟೆ ಕೊಡುತ್ತದೆ. ಹಿಗ್ಗಿಸಿದರೆ ಬಣ್ಣದ ಬಿರುಕೂ ಕಾಣುತ್ತದೆ. ಮೂಲ ಚಿತ್ರವೂ ಚಿಕ್ಕದೇ: 45.5 ಸೆಂ.ಮೀ. ಎತ್ತರ, 41 ಅಗಲ. 18 × 16 ಇಂಚಿನ ಕ್ಯಾನ್ವಾಸ್ ತಂದರೆ ಅಳತೆ ಸರಿಹೋಯಿತು.

ಎರಡೆರಡು ಇಂಚಿನ ಚೌಕ ಎಳೆದು ಗೆರೆಗಳನ್ನು ಇಳಿಸಿದೆ. ಆಮೇಲೆ ಬರ್ನ್ಟ್ ಅಂಬರ್ ಅನ್ನೋ ಕಂದು ಬಣ್ಣ ಒಂದನ್ನೇ ಟರ್ಪೆಂಟೈನಿನಲ್ಲಿ ತೆಳ್ಳಗೆ ಕಲೆಸಿ ನೆರಳು ಬೆಳಕು ಹಾಕಿದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಮಾರನೇ ದಿನವೇ ಕೈಗೆ ಅಂಟಲಿಲ್ಲ. ಧೈರ್ಯ ಬಂತು, ಸ್ವಲ್ಪ ಜಾಸ್ತಿಯೇ ಬಂತು.

ಅವಳ ಹಿಂದಿನ ಗೋಡೆ ಬಿಳಿ ಅಲ್ವಾ, ಒಂದು ಸಂಜೆಯ ಕೆಲಸ ಅಂದುಕೊಂಡು ಟೈಟೇನಿಯಂ ವೈಟ್‌ಗೆ ಚೂರು ಓಕರ್ (ಮಣ್ಣಿನ ಹಳದಿ) ಸೇರಿಸಿ ಉದ್ದಕ್ಕೂ ಬಳಿದೆ. ಹೆಂಗಸು ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಹಾಗೆ ಕಂಡಳು. ಎರಡು ದಿನ ಸುಮ್ನೆ ಮುಖದಲ್ಲಿ ತಪ್ಪು ಹುಡುಕಿದೆ. ಮೂರನೇ ದಿನ ಫೋಟೊವನ್ನು ತಲೆಕೆಳಗು ಮಾಡಿ ನೋಡಿದಾಗ ಗುಟ್ಟು ಸಿಕ್ಕಿತು. ಕಿಟಕಿ ಇರುವುದು ಎಡಕ್ಕೆ. ಆದರೆ ಕಿಟಕಿ ಪಕ್ಕದ ಗೋಡೆಯೇ ಮಬ್ಬು, ಬಲಕ್ಕೆ ಹೋದಂತೆ ಬೆಳಗುತ್ತದೆ. ಬೆಳಕು ಬಿದ್ದ ಮೈಯ ಹಿಂದೆ ಮಬ್ಬು, ನೆರಳಾದ ಮೈಯ ಹಿಂದೆ ಬೆಳಕು. ಸಾಲದ್ದಕ್ಕೆ ಬಲಗಡೆಯ ಅಂಚಿಗೆ ಕೂದಲೆಳೆಯಂಥ ಒಂದು ಬಿಳಿ ಗೆರೆ.

ಹಸಿ ಬಣ್ಣವನ್ನೆಲ್ಲ ಚಾಕುವಿನಲ್ಲಿ ಕೆರೆದು ಹಾಕಿದೆ. ಮತ್ತೆ ಹಚ್ಚಲು ಮೂರು ವಾರ ಹಿಡಿಯಿತು. ಬೂದು, ಹಳದಿ, ಎಲ್ಲೋ ಒಂಚೂರು ನೀಲಿ. ಟ್ಯೂಬಿನ ಬಿಳಿಯನ್ನು ಹಾಗೇ ಇಡುವ ಜಾಗವೇ ಸಿಗಲಿಲ್ಲ. ಒಂದು ಮೊಳೆ, ಅದರ ನೆರಳು, ಹಿಂದೆಂದೋ ಮೊಳೆ ಕಿತ್ತ ತೂತುಗಳು, ಎಲ್ಲ ಇವೆ ಆ ಗೋಡೆಯಲ್ಲಿ. 2022ರಲ್ಲಿ ಮ್ಯೂಸಿಯಂನವರು ಸ್ಕ್ಯಾನ್ ಮಾಡಿದಾಗ, ಅವಳ ತಲೆಯ ಹಿಂದೆ ಹೂಜಿ ನೇತುಹಾಕುವ ಹಲಗೆಯೊಂದನ್ನು ವರ್ಮೀರ್ ಶುರುಮಾಡಿ, ಆಮೇಲೆ ಮುಚ್ಚಿಬಿಟ್ಟದ್ದು ಕಂಡಿತು. ಓದಿ ಹೊಟ್ಟೆ ತಣ್ಣಗಾಯಿತು. ಅವನಿಗೂ ಆ ಗೋಡೆ ಒಂದೇ ಏಟಿಗೆ ಬಂದಿಲ್ಲ.

ನೀಲಿ ಏಪ್ರನ್ ಅಷ್ಟು ಕಾಡಲಿಲ್ಲ. ಅವನದು ಅಫ್ಘಾನಿಸ್ತಾನದ ಕಲ್ಲು ಅರೆದ ದುಬಾರಿ ಅಲ್ಟ್ರಾಮರೀನ್, ನನ್ನದು ಕಾರ್ಖಾನೆಯದು. ಬ್ರೆಡ್ಡಿನ ಮೇಲಿನ ಬೆಳಕಿನ ಚುಕ್ಕೆಗಳನ್ನಂತೂ ಖುಷಿಯಿಂದ ಇಟ್ಟೆ.

ಹಾಲಿನ ಧಾರೆ ನಾಲ್ಕು ಸಲ ಕೆಟ್ಟಿತು. ಹಗ್ಗದ ಹಾಗೆ ಬರುತ್ತಿತ್ತು. ಕೊನೆಗೆ ಅಮ್ಮನನ್ನು ಕಿಟಕಿ ಹತ್ತಿರ ನಿಲ್ಲಿಸಿ ಚೊಂಬಿನಿಂದ ಹಾಲು ಸುರಿಸಿದೆ. ಅಂಚು ಬಿಟ್ಟಾಗ ಅಗಲ, ಇಳಿಯುತ್ತಾ ತೆಳುವಾಗಿ ಸಣ್ಣಗೆ ತಿರುಚಿಕೊಳ್ಳುತ್ತದೆ. "ಹಿಂಗೆ ನೂಲಿನ ಥರ ಸುರಿದ್ರೆ ಅವಳ ಪಾತ್ರೆ ಯಾವಾಗ ತುಂಬುತ್ತೋ?" ಅಂದಳು ಅಮ್ಮ. ಒಣಗಿದ ಬ್ರೆಡ್ಡಿಗೆ ಅಳೆದು ಹಾಕುತ್ತಿದ್ದಾಳಂತೆ ಅಂದೆ. "ಹಂಗಾದ್ರೆ ಸರಿ" ಅಂದಳು. ಐದನೇ ಸಲ ಸಣ್ಣ ಬ್ರಷ್‌ನಲ್ಲಿ ಮೇಲಿಂದ ಕೆಳಗೆ ಒಂದೇ ಎಳೆತ, ತಿದ್ದಲಿಲ್ಲ.

ಹೊಸಬರಿಗೆ ಎರಡು ಮಾತು. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ತಿರುವುಮುರುವಾದರೆ ಮುಂದೆ ಬಿರುಕು ಬಿಡುತ್ತದೆ. ಬಣ್ಣ ಕಲೆಸುವ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ನಾನು ಒಂದೊಂದನ್ನೂ ಬಿಡಿಸಿ ತಂತಿಗೆ ಹಾಕುತ್ತೇನೆ. ಅಮ್ಮನಿಗೆ ಅದು ಸೇರದು.

ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಬೇಕು. ಅಡುಗೆಮನೆಯಲ್ಲಿ ತೂಗುಹಾಕು ಅಂತ ಅಮ್ಮನ ಒತ್ತಾಯ. ಒಗ್ಗರಣೆ ಹೊಗೆಗೆ ನನಗೆ ಭಯ. ಸದ್ಯಕ್ಕೆ ಬೀರುವಿನ ಮೇಲಿದೆ. ಗೋಡೆ ಇನ್ನೂ ಬೆರಳಿಗೆ ಅಂಟುತ್ತದೆ.