ವೇಸ್ಟ್ ಲಗ್ನಪತ್ರಿಕೆ ಇಟ್ಟುಕೊಂಡು ವೆಬ್ ಡೆವಲಪ್‌ಮೆಂಟ್ ಕಲಿತೆ

ನಾನು ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಕರಪತ್ರ, ಶ್ರದ್ಧಾಂಜಲಿ ಕಾರ್ಡು ಹೀಗೆ ಹದಿನಾರು ವರ್ಷ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಕುಟ್ಟಿದ್ದೇನೆ. ಓದಿದ್ದು ಪಿಯುಸಿ ಆರ್ಟ್ಸ್. ಇಂಗ್ಲಿಷಿನಲ್ಲಿ ಪಾಸಾದದ್ದೇ ದೊಡ್ಡದು. ಈಗ ಪ್ರೆಸ್ಸಿನ ಕೆಲಸ ಅರ್ಧ ದಿನ, ಉಳಿದರ್ಧ ವೆಬ್‌ಸೈಟ್ ಕೆಲಸ. ಹೋದ ವರ್ಷ ಎರಡೂ ಕಡೆಯ ದುಡಿಮೆ ಹೆಚ್ಚುಕಮ್ಮಿ ಸಮ ಆಯಿತು. ಕೋರ್ಸಿಗೆ ಕೊಟ್ಟ ಫೀಸು ಸೊನ್ನೆ. ಸೊನ್ನೆ ಅಂದರೆ ಪೂರ್ತಿ ಸೊನ್ನೆ ಅಲ್ಲ, 6 ಸಾವಿರ ಮುಳುಗಿಸಿಕೊಂಡೆ, ಆ ಕಥೆ ಮುಂದೆ ಬರುತ್ತದೆ.

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಮಾರ್ಚ್, ಏಪ್ರಿಲ್, ಮೇ ಅಂದರೆ ನಮಗೆ ಸುಗ್ಗಿ. ಆ ವರ್ಷ ಪ್ರೆಸ್ಸಿಗೆ ಬೀಗ. ಮನೆಯಲ್ಲಿ 14 ಸಾವಿರಕ್ಕೆ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು, 4 ಜಿಬಿ ರ‍್ಯಾಮ್, ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಡೇಟಾ. ಯೂಟ್ಯೂಬಿನಲ್ಲಿ ವೆಬ್‌ಸೈಟ್ ಕಟ್ಟುವ ಪಾಠ ನೋಡಿದೆ, ಮೂರು ತಿಂಗಳು ಬರೀ ನೋಡಿದೆ. ನೋಟ್‌ಬುಕ್ಕಿನಲ್ಲಿ ಬಣ್ಣ ಬಣ್ಣದ ಪೆನ್ನಲ್ಲಿ ಬರೆದುಕೊಂಡೆ ಬೇರೆ. ಒಂದು ರಾತ್ರಿ ಖಾಲಿ ಫೈಲ್ ತೆರೆದು, ಕೋಡ್ ಬರೆದು ಒಂದು ಚೌಕ ಡಬ್ಬಿಯನ್ನು ಪರದೆಯ ನಡುವೆ ತಂದು ನಿಲ್ಲಿಸೋಣ ಅಂತ ಕೂತೆ. ಒಂದೂವರೆ ಗಂಟೆ ಆಯಿತು, ಡಬ್ಬಿ ಎಡಗಡೆಯೇ ಕೂತಿತ್ತು.

ಹೆದರಿಕೆ ಆಯಿತು. ಆ ಹೆದರಿಕೆಯಲ್ಲೇ ಒಂದು ಆನ್‌ಲೈನ್ ಬೂಟ್‌ಕ್ಯಾಂಪಿಗೆ, ಅಂದರೆ ಬೇಗ ಬೇಗ ಕೋಡಿಂಗ್ ಕಲಿಸುವ ಕೋರ್ಸಿಗೆ ಸೇರಿದೆ. ಒಟ್ಟು 18 ಸಾವಿರ, ಮೊದಲ ಕಂತು 6 ಸಾವಿರ. ಹೆಸರು ಬೇಡ ಬಿಡಿ. ಕ್ಲಾಸಿನಲ್ಲಿ ತೋರಿಸಿದ್ದು ಯೂಟ್ಯೂಬಿನಲ್ಲಿ ನಾನು ಆಗಲೇ ನೋಡಿದ್ದನ್ನೇ. ಎರಡನೇ ಕಂತು ಕಟ್ಟಲಿಲ್ಲ, ಮೊದಲನೆಯದು ವಾಪಸ್ ಬರಲಿಲ್ಲ.

ಆಮೇಲೆ ಫ್ರೀಕೋಡ್‌ಕ್ಯಾಂಪ್. ಪುಕ್ಕಟೆ ಕೋಡಿಂಗ್ ಕಲಿಸುವ ವೆಬ್‌ಸೈಟ್ ಅದು, ಶುರುವಿನಲ್ಲೇ ಬೆಕ್ಕಿನ ಫೋಟೋ ಆ್ಯಪ್. ಒಂದು ಸಾಲು ಬರೆ, ಹಸಿರು ಟಿಕ್, ಮುಂದಿನ ಸಾಲು. ಎರಡು ವಾರ ಟಿಕ್ ಮೇಲೆ ಟಿಕ್. ಒಂದೊಂದು ಸರ್ಟಿಫಿಕೇಟಿಗೆ 300 ಗಂಟೆ ಅಂತ ಆಗ ಹಾಕಿದ್ದರು, ನನ್ನ ಸ್ಪೀಡಿಗೆ ನೂರರಲ್ಲಿ ಮುಗಿಯುತ್ತದೆ ಅಂತ ಬೀಗಿದೆ. ಮತ್ತೆ ಖಾಲಿ ಫೈಲ್ ತೆರೆದೆ. ಡಬ್ಬಿ ಎಡಗಡೆಯೇ.

ದಾರಿ ಸಿಕ್ಕಿದ್ದು ಪ್ರೆಸ್ ಮತ್ತೆ ತೆರೆದ ಮೇಲೆ. ಮೂಲೆಯಲ್ಲಿ ವೇಸ್ಟ್ ಶೀಟಿನ ರಾಶಿ ಇರುತ್ತದೆ, ಕಲರ್ ಕೂರದ್ದು, ರಿಜಿಸ್ಟರ್ ತಪ್ಪಿದ್ದು. ಅದರಲ್ಲಿ ದಿನಕ್ಕೆ ಒಂದು ಹಾಳೆ ಮನೆಗೆ ತಂದೆ. ಆ ದಿನ ಕೋರ್ಸಿನಲ್ಲಿ ಏನು ಕಲಿತೆನೋ ಅದನ್ನು ಮುಚ್ಚಿಟ್ಟು, ಆ ಹಾಳೆಯನ್ನು ಎಚ್‌ಟಿಎಂಎಲ್ (ಪೇಜಿನಲ್ಲಿ ಏನೇನಿದೆ ಅಂತ ಬರೆಯುವ ಭಾಷೆ), ಸಿಎಸ್‌ಎಸ್‌ನಲ್ಲಿ (ಅದು ಹೇಗೆ ಕಾಣಬೇಕು ಅಂತ ಹೇಳುವ ಭಾಷೆ) ಕಟ್ಟುವುದು. ಕೋರ್ಸಿನವರ ಬೆಕ್ಕು ಬೇಡ, ಕಾಫಿ ಹೋಟೆಲ್ ಮೆನು ಬೇಡ. ಲಗ್ನಪತ್ರಿಕೆಯೇ ಸಾಕು: ಮೇಲೆ ಗಣಪತಿ, ಕೆಳಗೆ ಎಡಕ್ಕೆ ವರ, ಬಲಕ್ಕೆ ವಧು, ನಡುವೆ ಮುಹೂರ್ತದ ಡಬ್ಬಿ, ಅಂಚಿಗೆ ಬಾರ್ಡರ್. ಗ್ರಿಡ್, ಅಂದರೆ ಪೇಜನ್ನು ಅಡ್ಡ ಉದ್ದ ಮನೆಗಳಾಗಿ ಭಾಗ ಮಾಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಬಿಲ್ ಬುಕ್ ತಂದ ದಿನ ಟೇಬಲ್ ಕಲಿತೆ, ಜಾತ್ರೆ ಕರಪತ್ರ ತಂದ ದಿನ ಪೊಸಿಷನ್ (ಯಾವುದನ್ನು ಎಲ್ಲಿ ಇಡುವುದು) ಕಲಿತೆ.

ಬರೀ ಕಟ್ಟಿದರೆ ಆಗಲಿಲ್ಲ. ಉಪಯೋಗಕ್ಕೆ ಬಂದದ್ದು ಪ್ರೂಫ್. ಮಾಡಿದ ಪೇಜನ್ನು ಎ4 ಮೇಲೆ ಪ್ರಿಂಟ್ ತೆಗೆದು, ಒರಿಜಿನಲ್ ಪಕ್ಕದಲ್ಲಿಟ್ಟು, ಕೆಂಪು ಪೆನ್ನಲ್ಲಿ ತಪ್ಪು ಗುರುತು ಮಾಡುತ್ತಿದ್ದೆ. ಗಿರಾಕಿ ಮಾಡುತ್ತಾನಲ್ಲ, ಹಾಗೆ. ಮೊದಲ ಪ್ರೂಫಿನಲ್ಲಿ ಇಪ್ಪತ್ತು ಮೂವತ್ತು ಗುರುತು, ಎರಡನೆಯದರಲ್ಲಿ ಹತ್ತು, ಮೂರನೆಯದಕ್ಕೆ ಓಕೆ. ಓಕೆ ಆಗದ ಹೊರತು ಮರುದಿನ ಹೊಸ ಪಾಠ ಇಲ್ಲ. ಒಂದು ಹಾಳೆಗೆ ಒಂಬತ್ತು ದಿನ ಹಿಡಿದದ್ದೂ ಇದೆ, ಅದು ಹಡಗಲಿ ಕಡೆಯ ಒಬ್ಬ ಗಿರಾಕಿಯ ಹತ್ತೊಂಬತ್ತು ಬಂಧುಗಳ ಹೆಸರಿದ್ದ ಪತ್ರಿಕೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ನಮ್ಮ ಭಾವ ಹಬ್ಬಕ್ಕೆ ಬಂದಾಗ ಇದನ್ನು ನೋಡಿ ನಕ್ಕರು. "ಲಗ್ನಪತ್ರಿಕೆ ಮಾಡ್ಕೊಂಡು ಡೆವಲಪರ್ ಆಗ್ತೀಯೇನೋ? ಮೊದಲು ಡೇಟಾ ಸ್ಟ್ರಕ್ಚರ್ ಓದು, ಇಲ್ಲಾಂದ್ರೆ ಯಾರೂ ಇಂಟರ್‌ವ್ಯೂಗೂ ಕರೆಯಲ್ಲ." ಅಕ್ಕ "ಬಿಡ್ರೀ, ಅವನಿಗೆ ಇಷ್ಟ" ಅಂದಳು. ಇಂಟರ್‌ವ್ಯೂಗೆ ಇವತ್ತಿಗೂ ಯಾರೂ ಕರೆದಿಲ್ಲ, ಅದು ನಿಜ.

ಕನ್ನಡದಲ್ಲಿ ಕಟ್ಟುವಾಗ ಒಂದು ತಾಪತ್ರಯ ಇದೆ, ಅದನ್ನು ಯಾವ ಕೋರ್ಸೂ ಹೇಳುವುದಿಲ್ಲ. ನನ್ನ ಮೊದಲ ಪೇಜಿನಲ್ಲಿ ಹೆಡ್ಡಿಂಗಿನ ಒತ್ತಕ್ಷರಗಳೆಲ್ಲ ಕೆಳಗಡೆ ಕತ್ತರಿಸಿ ಹೋಗಿದ್ದವು. ಲೈನ್-ಹೈಟ್, ಅಂದರೆ ಸಾಲಿನ ಎತ್ತರ 1.1 ಕೊಟ್ಟಿದ್ದೆ, ಇಂಗ್ಲಿಷ್ ಹೆಡ್ಡಿಂಗಿಗೆ ಅಷ್ಟು ಸಾಕಾಗುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೇ ಬಾಲ. ಅದರ ಜೊತೆಗೆ, ಡಬ್ಬಿ ದಾಟಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಬೇರೆ ಹಾಕಿದ್ದೆ. ಈಗ ಕಣ್ಣು ಮುಚ್ಚಿ 1.6 ಅಥವಾ 1.7 ಇಡುತ್ತೇನೆ. ಫಾಂಟು ಅಂದರೆ, ಒಳಗಿನ ಬರಹಕ್ಕೆ ನೋಟೋ ಸಾನ್ಸ್ ಕನ್ನಡ, ಹೆಡ್ಡಿಂಗಿಗೆ ಬಾಲೂ ತಮ್ಮ. ಗೂಗಲ್ ಫಾಂಟ್ಸಿನಲ್ಲಿ ಬೆಣ್ಣೆ ಅಂತಲೂ ಒಂದು ಕನ್ನಡ ಫಾಂಟ್ ಇದೆ. ದಾವಣಗೆರೆಯವನಾಗಿ ಅದನ್ನು ಬಳಸದೇ ಇರೋಕಾಗುತ್ತಾ? ಒಂದು ಹೋಟೆಲ್ ಮೆನುಗೆ ಹಾಕಿದೆ, ಚೆನ್ನಾಗಿ ಕೂತಿತು.

ಇನ್ನು ದೊಡ್ಡ ನಷ್ಟದ ಕಥೆ. ಒಂದೇ ಕೋರ್ಸಿಗೆ ಅಂಟಿಕೊಳ್ಳದೆ ನಡುವೆ ಓಡಿನ್ ಪ್ರಾಜೆಕ್ಟ್ ಅನ್ನುವ ಇನ್ನೊಂದು ಪುಕ್ಕಟೆ ಕೋರ್ಸಿಗೆ ಹಾರಿದೆ. ಅವರು ಸೀದಾ ವಿಂಡೋಸಿನಲ್ಲಿ ಮಾಡಲು ಬಿಡುವುದಿಲ್ಲ, ಲಿನಕ್ಸ್ ಬೇಕು, ಅದು ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ. ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿದೆ, 4 ಜಿಬಿ ರ‍್ಯಾಮಿನಲ್ಲಿ ಮೌಸ್ ಕೂಡ ಬಸವನಹುಳದ ಥರ ಹರಿಯಿತು. ಸರಿ, ಡ್ಯುಯಲ್ ಬೂಟ್ ಮಾಡೋಣ, ಎರಡೂ ಅಕ್ಕಪಕ್ಕ ಇರಲಿ ಅಂತ ರಾತ್ರಿ ಒಂದು ಗಂಟೆಗೆ ಕೂತೆ. ಪಾರ್ಟಿಷನ್ (ಡಿಸ್ಕಿನ ಭಾಗ) ಆರಿಸುವಲ್ಲಿ ನಿದ್ದೆಗಣ್ಣು. ಬೆಳಿಗ್ಗೆ ನೋಡಿದರೆ ಡಿ ಡ್ರೈವ್ ಇಲ್ಲ. ಅದರಲ್ಲಿ ನನ್ನ ಸ್ವಂತ ಗಿರಾಕಿಗಳ ಎರಡು ವರ್ಷದ ಕೋರೆಲ್‌ಡ್ರಾ ಡಿಸೈನ್ ಫೈಲುಗಳಿದ್ದವು. ರಿಕವರಿ ಅಂಗಡಿಯವನು 12 ಸಾವಿರ ಕೇಳಿದ. ಕೊಡಲಿಲ್ಲ. ಎರಡು ಪತ್ರಿಕೆ, ಒಂದು ಕ್ಯಾಟರಿಂಗ್ ಮೆನು ಮೊದಲಿಂದ ಪುಕ್ಕಟೆ ಮಾಡಿಕೊಟ್ಟೆ. ನನ್ನ ಹೆಂಡತಿ ಒಂದೇ ಮಾತು ಕೇಳಿದಳು, "ಇದು ಕಲಿಯೋದಾ ರೀ, ಕಳೆಯೋದಾ?" ಬ್ಯಾಕಪ್ ತೆಗೆಯದೇ ಪಾರ್ಟಿಷನ್ ಮುಟ್ಟಬೇಡಿ ಅಂತ ನಿಮಗೆ ಹೇಳಬೇಕಿಲ್ಲ, ನನಗೂ ಯಾರೂ ಹೇಳಬೇಕಿರಲಿಲ್ಲ.

ಹಾರ್ವರ್ಡಿನ ಸಿಎಸ್50ಯನ್ನೂ ನೋಡಿದೆ, ಕಂಪ್ಯೂಟರ್ ಸೈನ್ಸಿನ ಮೊದಲ ಪಾಠಗಳ ಕೋರ್ಸು ಅದು. ಅದರ ಮೇಷ್ಟ್ರು ಡೇವಿಡ್ ಮೇಲನ್ ಮೊದಲ ಕ್ಲಾಸಿನಲ್ಲೇ ಟೆಲಿಫೋನ್ ಡೈರೆಕ್ಟರಿಯನ್ನು ನಡುವೆ ಹರಿದು ಬೈನರಿ ಸರ್ಚ್, ಅಂದರೆ ಪ್ರತಿ ಸಲ ಅರ್ಧ ಬಿಟ್ಟು ಹುಡುಕುವುದನ್ನು ತೋರಿಸಿದರು. ಪುಸ್ತಕದ ಬೈಂಡಿಂಗ್ ಗೊತ್ತಿದ್ದವನಿಗೆ ಹೊಟ್ಟೆ ಉರಿಯುತ್ತದೆ. ಮಾರಿಯೋ ಆಟದ ಪಿರಮಿಡ್ ಲೆಕ್ಕ ಮಾಡಿದೆ, ಮೂರನೇ ವಾರದ ಚುನಾವಣೆ ಲೆಕ್ಕದಲ್ಲಿ ಸಿಕ್ಕಿಬಿದ್ದೆ, ಬಿಟ್ಟೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೂ ಕೆಲವು ಪಾಠ ಇವೆ, ಇಂಗ್ಲಿಷ್ ಭಯ ಇದ್ದವರು ಅಲ್ಲಿಂದ ಹೆಜ್ಜೆ ಇಡಬಹುದು. ನಾನು ಕೊನೆಗೆ ನೆಚ್ಚಿಕೊಂಡಿದ್ದು ಫ್ರೀಕೋಡ್‌ಕ್ಯಾಂಪ್ ಮತ್ತು ಎಂಡಿಎನ್ (ವೆಬ್ ಭಾಷೆಗಳ ಕೈಪಿಡಿ ಇರುವ ಸೈಟು), ಎರಡೇ.

ಪೇಜಿನಿಂದ ಕೆಲಸ ಮಾಡಿಸುವ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಎಂಟು ತಿಂಗಳು ಒದ್ದಾಡಿದೆ. ಪ್ಯಾಲಿಂಡ್ರೋಮ್ ಚೆಕರ್ (ಪದವನ್ನು ಹಿಂದಿನಿಂದ ಓದಿದರೂ ಅದೇ ಬರುತ್ತಾ ಅಂತ ನೋಡುವ) ಪ್ರಾಜೆಕ್ಟ್ ಪಾಸಾದ ದಿನ ಖುಷಿಗೆ "ವಿಕಟಕವಿ" ಹಾಕಿ ನೋಡಿದೆ. ಟ್ರೂ ಅಂತು! ಹೆಂಡತಿಯನ್ನು ಕರೆದು ತೋರಿಸಿದೆ. ಅವಳು "ದಾವಣಗೆರೆ ಹಾಕಿ" ಅಂದಳು. ಅದೂ ಟ್ರೂ. ಅವಳ ಹೆಸರು, ಅದೂ ಟ್ರೂ. ನೋಡಿದರೆ ನನ್ನ ರೆಜೆಕ್ಸ್ (ಅಕ್ಷರ ಹುಡುಕುವ ಸೂತ್ರ) ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಗುಡಿಸಿ ಹಾಕುತ್ತಿತ್ತು. ಖಾಲಿ ಪದವನ್ನು ತಿರುಗಿಸಿದರೆ ಖಾಲಿಯೇ ತಾನೇ? ಅದನ್ನು ಸರಿ ಮಾಡಿದೆ, ಆಗ ವಿಕಟಕವಿಯೇ ಫಾಲ್ಸ್ ಆಯಿತು. ಕಂಪ್ಯೂಟರಿಗೆ "ವಿ" ಒಂದು ಅಕ್ಷರ ಅಲ್ಲ, ವ ಬೇರೆ, ಗುಡಿಸು ಬೇರೆ. ತಿರುಗಿಸಿದರೆ ಗುಡಿಸು ಮುಂದೆ ಬಂದು ಕೂರುತ್ತದೆ. "ಶ್ರೀ" ಅಂತ ಬರೆದು ಲೆಂಗ್ತ್ ಕೇಳಿ, 4 ಅನ್ನುತ್ತದೆ.

ಈ ಜಗಳವೇ ಮುಂದೆ ನನಗೆ ಅನ್ನ ಕೊಟ್ಟಿತು. ಅದೇ ಕೋರ್ಸಿನಲ್ಲಿ ಸೀಸರ್ ಸೈಫರ್ ಅಂತ ಒಂದು ಪ್ರಾಜೆಕ್ಟ್, ಒಂದು ಅಕ್ಷರದ ಬದಲು 13 ಮನೆ ಆಚೆಯ ಅಕ್ಷರ ಇಡುವುದು. ಮಾಡುತ್ತಾ ಇದ್ದಾಗ ತಲೆಗೆ ಹೊಳೆಯಿತು: ಹಳೆ ನುಡಿ ಫೈಲ್ ಕೂಡ ಇದೇ ಅಲ್ವಾ? ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ "ಕ" ಜಾಗದಲ್ಲಿ ಇಂಗ್ಲಿಷ್ ಪಿ, ಅದರ ಪಕ್ಕ ತಲೆ ಮೇಲೆ ಗೆರೆ ಇರುವ ಎ. ಒಂದು ಕೋಷ್ಟಕ ಮಾಡಿ ಬದಲಿಸಿದರೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಆಗಬೇಕು. ಸಿದ್ಧ ಕನ್ವರ್ಟರುಗಳು ಇವೆ, ಗೊತ್ತು. ನಾನೇ ಬರೆಯಬೇಕು ಅಂತ ಹಟ.

ಒಂದು ಭಾನುವಾರ ಕೋಷ್ಟಕ ಮುಗಿಸಿ ಒಂದು ಪತ್ರಿಕೆ ಹಾಕಿದೆ. "ಮುಹೂರ್ತ" ಹೋಗಿ "ಮುಹೂತರ್" ಬಂತು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ಆಮೇಲೆ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರ್ ಮೊದಲು. ರ್ ಅನ್ನು ಒಂದು ಕೋಡ್ ಹಿಂದಕ್ಕೆ ತಳ್ಳಿದೆ. ಮುಹೂರ್ತ ಸರಿಹೋಯಿತು, "ಆಶೀರ್ವಾದ" ಕೆಟ್ಟಿತು, ಯಾಕೆಂದರೆ ಅಲ್ಲಿ ವ ಮತ್ತು ದೀರ್ಘ ಎರಡನ್ನೂ ದಾಟಬೇಕು. ಇಡೀ ಅಕ್ಷರವನ್ನು, ಒತ್ತು ಸ್ವರ ಸಮೇತ, ಒಂದು ಗಂಟಾಗಿ ಹಿಡಿದು ದಾಟಿಸಬೇಕು. ಅದೂ ಆಯಿತು. ಆಗ "ಪತ್ರಿಕೆ"ಯೇ ಒಡೆಯಿತು: ನುಡಿಯಲ್ಲಿ ಮೊದಲು "ತಿ", ಆಮೇಲೆ ರ ಒತ್ತು. ಯೂನಿಕೋಡಿನಲ್ಲಿ ಒತ್ತು ಮೊದಲು, ಗುಡಿಸು ಕೊನೆಗೆ. ಇಂಥ ಅದಲುಬದಲು ಒಟ್ಟು ಐದು ನಿಯಮ ಬರೆದೆ. ಮೂರನ್ನು ಹೇಳಿದ್ದೇನೆ. ಉಳಿದ ಎರಡು ನನ್ನ ಹತ್ತಿರವೇ ಇರಲಿ, ಅದರಿಂದಲೇ ಗಿರಾಕಿ ಬರುತ್ತಿರುವುದು.

ದುಡ್ಡು ಮೊದಲು ಬಂದದ್ದು ವೆಬ್ ಲಗ್ನಪತ್ರಿಕೆಯಿಂದ. ಪ್ರೆಸ್ಸಿಗೆ ಪತ್ರಿಕೆ ಮಾಡಿಸಲು ಬಂದವರಿಗೆ "ವಾಟ್ಸ್ಯಾಪಿಗೆ ಲಿಂಕೂ ಮಾಡಿಕೊಡ್ತೀನಿ, 500 ಜಾಸ್ತಿ" ಅಂದೆ. ಮೊದಲ ತಿಂಗಳು ಇಬ್ಬರು ಒಪ್ಪಿದರು. ಲಿಂಕ್ ಕಳಿಸಿದರೆ ಜೋಡಿಯ ಫೋಟೋ ಬರದೆ ಬರೀ ಅಡ್ರೆಸ್ ಬರುತ್ತಿತ್ತು. ಲಿಂಕಿನ ಜೊತೆ ಫೋಟೋ ತೋರಿಸಲು ಹಾಕುವ ಓಪನ್ ಗ್ರಾಫ್ ಟ್ಯಾಗ್ ಸರಿಯಾಗಿಯೇ ಇತ್ತು, ಆದರೆ ಫೋಟೋ 5 ಎಂಬಿ ಇತ್ತು. 300 ಕೆಬಿ ಒಳಗೆ ತಂದ ಮೇಲೆ ಬಂತು. ಈಗ ಒಂದಕ್ಕೆ 1,200 ತೆಗೆದುಕೊಳ್ಳುತ್ತೇನೆ. ಹೋದ ಸೀಸನ್ನಿನಲ್ಲಿ ನಲವತ್ತರ ಹತ್ತಿರ ಮಾಡಿದೆ ಅಂತ ನೆನಪು.

ಒಂದು ಮದುವೆಯಲ್ಲಿ ಮರ್ಯಾದೆ ಹೋಗುವುದರಲ್ಲಿತ್ತು. ಮುಹೂರ್ತಕ್ಕೆ ಇನ್ನೆಷ್ಟು ಗಂಟೆ ಅಂತ ತೋರಿಸುವ ಕೌಂಟ್‌ಡೌನ್ ಹಾಕಿದ್ದೆ. ಹಿಂದಿನ ದಿನ ದುಬೈಯಿಂದ ಹುಡುಗಿಯ ಅಣ್ಣನ ಫೋನ್. "ಸರ್, ಮುಹೂರ್ತ ಒಂದೂವರೆ ಗಂಟೆ ಮುಂದಕ್ಕೆ ಹೋಯ್ತಾ? ನಮ್ಮನೇಲಿ ಯಾರೂ ಹೇಳಿಲ್ಲ!" ನಾನು 10:25 ಅಂತ ಬರೆದು ಬಿಟ್ಟಿದ್ದೆ, ಬ್ರೌಸರ್ ಅದನ್ನು ದುಬೈಯ 10:25 ಅಂದುಕೊಂಡಿತ್ತು. ಆ 10:25ರ ತುದಿಗೆ, ಇದು ಭಾರತದ ಸಮಯ ಅಂತ ಹೇಳುವ ಪ್ಲಸ್ 05:30 ಸೇರಿಸಿದ್ದಷ್ಟೇ, ಸರಿಹೋಯಿತು. ಇಲ್ಲಿ ಟೆಸ್ಟ್ ಮಾಡಿದಾಗ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು ನೋಡಿ.

ಹೋಸ್ಟಿಂಗ್, ಅಂದರೆ ಪೇಜುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವುದು, ಮೊದಲು ವರ್ಸೆಲ್ ಅನ್ನುವ ಸೇವೆಯಲ್ಲಿತ್ತು. ಅದರ ಪುಕ್ಕಟೆ ಪ್ಲಾನ್ ವ್ಯಾಪಾರಕ್ಕಲ್ಲ ಅಂತ ನಿಯಮ ಓದಿದ ಮೇಲೆ ಅಂಥದ್ದೇ ಇನ್ನೊಂದು ಸೇವೆ ಕ್ಲೌಡ್‌ಫ್ಲೇರ್ ಪೇಜಸ್‌ಗೆ ಹೋದೆ. ಒಂದು ಡೊಮೇನಿಗೆ (ಸೈಟಿನ ವಿಳಾಸಕ್ಕೆ) ವರ್ಷಕ್ಕೆ ಏಳೆಂಟು ನೂರು, ಎಲ್ಲ ಮದುವೆಗಳೂ ಅದರ ಕೆಳಗೇ. ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿದ್ದು ನಾಲ್ಕು ಸಾವಿರ ಚಿಲ್ಲರೆ. ಅದು ಮೊದಲೇ ಮಾಡಿಸಬೇಕಿತ್ತು. ಮುಳುಗಿದ ಬೂಟ್‌ಕ್ಯಾಂಪ್ ದುಡ್ಡಿನಲ್ಲಿ ಅದನ್ನು ಮಾಡಿಸಿ ಇನ್ನೂ ಚಿಲ್ಲರೆ ಉಳಿಯುತ್ತಿತ್ತು. ಅಂಗಡಿ, ಹೋಟೆಲ್ ಸೈಟಿಗೆ 8ರಿಂದ 12 ಸಾವಿರ ಹೇಳುತ್ತೇನೆ. ಇಲ್ಲಿಯವರೆಗೆ ಹದಿನಾಲ್ಕೋ ಹದಿನೈದೋ ಆಗಿವೆ, ಎರಡರ ದುಡ್ಡು ಇನ್ನೂ ಬರಬೇಕು.

ಪೇಜನ್ನು ಬಿಡಿಭಾಗಗಳಾಗಿ ಮಾಡಿ ಜೋಡಿಸುವ ರಿಯಾಕ್ಟ್ ಕಲಿಯುತ್ತಿದ್ದೇನೆ, ಆದರೆ ಅದಕ್ಕೆ ಸರಿಯಾದ ವೇಸ್ಟ್ ಶೀಟ್ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ರಸೀದಿ ಪುಸ್ತಕವನ್ನು ಅಂಥ ಬಿಡಿಭಾಗ (ಕಾಂಪೊನೆಂಟ್) ಮಾಡಲು ನೋಡುತ್ತಿದ್ದೇನೆ, ಎರಡನೇ ಪ್ರೂಫಿನಲ್ಲಿದೆ. ಇತ್ತ ಪ್ರೆಸ್ಸಿನ ಯಜಮಾನರು ಇಪ್ಪತ್ತು ವರ್ಷದ ಹಳೆ ನುಡಿ ಫೈಲುಗಳನ್ನೆಲ್ಲ ಯೂನಿಕೋಡ್ ಮಾಡಿಕೊಡು ಅಂತ ಕೂತಿದ್ದಾರೆ. ಪುಟಕ್ಕೆ ಮೂರು ರೂಪಾಯಿ ಅಂದೆ. "ಬಟನ್ ಒತ್ತೋದಕ್ಕೆ ಮೂರು ರೂಪಾಯಾ?" ಅಂದರು. ಎರಡಕ್ಕೆ ಇಳಿಸು ಅನ್ನುತ್ತಿದ್ದಾರೆ. ನಾನು ಎರಡೂವರೆಗೆ ನಿಂತಿದ್ದೇನೆ.