ಕಲ್ಲು ಹವಳ ಗುರುತಿಸೋದು ಹೇಗೆ?

ದಾವಣಗೆರೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್ ಶುರು ಮಾಡುವ ಗೆಳೆಯರೇ, ಹವಳ ಕೊಳ್ಳುವ ಮೊದಲು ಅದು ಕಲ್ಲು ಹವಳವಾ, ಮೆತ್ತನೆಯದಾ ಅಂತ ನೋಡಿ.

ಪಂಪಿನ ನೀರು ಬಡಿದಾಗ ಮೆತ್ತನೆ ಹವಳದ ಮೈಯೇ ಬಳುಕುತ್ತದೆ. ಕಲ್ಲು ಹವಳದಲ್ಲಿ ಬಾಯಿಯ ಸುತ್ತಲಿನ ಮೆತ್ತನೆ ಎಳೆಗಳು ಮಾತ್ರ ಆಡುತ್ತವೆ, ಬುಡ ಅಲ್ಲಾಡುವುದಿಲ್ಲ. ಎಳೆಗಳು ಮುದುಡಿದಾಗ ಟಾರ್ಚ್ ಬಿಟ್ಟು ನೋಡಿ. ಪುಟ್ಟ ಬಟ್ಟಲು, ಅದರೊಳಗೆ ನಡುವಿನ ಕಡೆಗೆ ಸಾಗುವ ತೆಳ್ಳನೆ ಗೋಡೆಗಳು. ಥೇಟ್ ನಿಂಬೆಹಣ್ಣು ಅಡ್ಡ ಕೊಯ್ದ ಹಾಗೆ.

ಹಾಗೆ ಕಂಡರೆ ದಯವಿಟ್ಟು ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲನೇ ಅನುಸೂಚಿಯಲ್ಲೇ ಕಲ್ಲು ಹವಳವೂ ಇದೆ. ಶೋಕೇಸಿಗೆ ಅಂತ ಮಾರುವ ಒಣ ಬಿಳಿ ಹವಳವನ್ನೂ ತರಬೇಡಿ. ನನಗೊಮ್ಮೆ ಅಂಗಡಿಯವರು 'ಮೆತ್ತನೆಯದೇ ಸಾರ್' ಎಂದು ಒಂದನ್ನು ತೋರಿಸಿದ್ದರು. ಉದ್ದುದ್ದ ಎಳೆ ನೋಡಿ ನಂಬಿಬಿಟ್ಟಿದ್ದೆ. ಅವರು ನೀರಿನಿಂದ ಎತ್ತಿದಾಗ ಎಳೆ ಮುದುಡಿತು, ಕೆಳಗೆ ಬರೀ ಕಲ್ಲು! ತುಂಬಾ ಬೇಜಾರಾಯಿತು. ಕೆಲವು ಜಾತಿ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ, ಅಂಥದ್ದನ್ನು ಕಿತ್ತು ತರುತ್ತಾರಲ್ವಾ.

ಮಶ್ರೂಮ್, ಲೆದರ್ ತರಹದ ಮೆತ್ತನೆ ಹವಳ ಇಟ್ಟವರು ಬೋರ್‌ವೆಲ್ ನೀರು ಹಾಕಬೇಡಿ, ಆರ್‌ಒ ನೀರಿಗೇ ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪು ಬೆರೆಸಿ. ನಮ್ಮ ಏಪ್ರಿಲ್ ಬಿಸಿಲಿಗೆ ನೀರು ಬೇಗ ಆರುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಸಾದಾ ಆರ್‌ಒ ನೀರನ್ನೇ ತುಂಬಿ. ಶಾಖ 24ರಿಂದ 27 ಡಿಗ್ರಿ ಇರಲಿ. ಜಾಸ್ತಿಯಾದರೆ ನೀರಿನ ಮೇಲೆ ಫ್ಯಾನ್ ಹಾಕಿ.