ಓಣಿಯ ಸಿಸಿ ರಸ್ತೆಗೆ ಮಂಡಳಿ ದುಡ್ಡು: ಲೆಕ್ಕ ಕೇಳುವುದು ಹೇಗೆ?

ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಹಾಕಿದ ಸಿಸಿ ರಸ್ತೆ ಆರೇ ತಿಂಗಳಿಗೆ ಬಿರುಕು ಬಿಟ್ಟಿದೆ ಎಂದಿಟ್ಟುಕೊಳ್ಳಿ. ಪಂಚಾಯಿತಿಗೆ ಹೋದರೆ ಪಿಡಿಒ, ‘ಇದು ನಮ್ಮ ಕಾಮಗಾರಿ ಅಲ್ಲ, ಮಂಡಳಿಯದು’ ಎನ್ನುತ್ತಾರೆ. ಮಂಡಳಿ ಎಂದರೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ; ಅದು ಇರುವುದು ಕಲಬುರಗಿಯಲ್ಲಿ. ಅಲ್ಲಿ ಕೇಳಿದರೆ ‘ಹಣ ಕೊಟ್ಟಿದ್ದೇವೆ, ಕೆಲಸ ಮಾಡಿಸಿದ್ದು ಏಜೆನ್ಸಿ’. ಏಜೆನ್ಸಿಯ ಎಂಜಿನಿಯರ್ ‘ಎಸ್ಟಿಮೇಟ್ ಪ್ರಕಾರವೇ ಮಾಡಿದ್ದೇವೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಮೂವರ ಮಾತೂ ಅರ್ಧ ನಿಜ. ಹಾಗಾಗಿ ಯಾರು ತಪ್ಪಿತಸ್ಥರು ಎಂಬ ವಾದಕ್ಕೆ ಮೊದಲೇ ಇಳಿಯಬೇಡಿ. ಒಂದೇ ಒಂದು ಕಾಮಗಾರಿ ಹಿಡಿದು, ಅದರ ಯಾವ ಕಾಗದಕ್ಕೆ ಯಾರ ಸಹಿ ಬಿದ್ದಿದೆ ಎಂದು ಹುಡುಕಿ.

ಹಿನ್ನೆಲೆ ಇಷ್ಟು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಕೊಟ್ಟಿತು. ಅದೇ ಈ ಮಂಡಳಿ. ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಏಳು ಜಿಲ್ಲೆ ಅದರ ವ್ಯಾಪ್ತಿಯಲ್ಲಿವೆ. ಮಂಡಳಿಯ ಕಾರ್ಯವೈಖರಿಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎಂಬ ಮಾತೂ ಅದೇ ವಿಧಿಯಲ್ಲಿದೆ. ಆದರೆ ಆ ವರದಿಯಲ್ಲಿ ನಿಮ್ಮ ಓಣಿ ಕಾಣುವುದಿಲ್ಲ. ಓಣಿಯ ಲೆಕ್ಕ ಇರುವುದು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ.

ಮೊದಲು, ದುಡ್ಡು ಯಾರದು?

ಕಾಮಗಾರಿ ಸ್ಥಳದ ನಾಮಫಲಕದ ಫೋಟೊ ತೆಗೆದುಕೊಳ್ಳಿ. ಯೋಜನೆಯ ಹೆಸರು, ಆರ್ಥಿಕ ವರ್ಷ, ಅಂದಾಜು ಮೊತ್ತ, ಏಜೆನ್ಸಿ, ಗುತ್ತಿಗೆದಾರ ಇವಿಷ್ಟು ಅದರಲ್ಲಿರಬೇಕು. ಫಲಕವೇ ಇಲ್ಲದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಎಸ್ಟಿಮೇಟಿನಲ್ಲಿ ಫಲಕಕ್ಕೂ ಹಣ ಹಾಕಿರುವುದು ಸಾಮಾನ್ಯ.

ಬಳ್ಳಾರಿ, ಅದರಲ್ಲೂ ಸಂಡೂರು ಭಾಗದವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅಲ್ಲಿ ಮಂಡಳಿ ಹಣದ ಜತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ರಾಜಧನದ ಮೇಲೆ ಶೇ 10 ಅಥವಾ ಶೇ 30ರಷ್ಟು ಕಟ್ಟುವ ಹಣವದು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ಇರುವ ಕೆಎಂಇಆರ್‌ಸಿ ನಿಧಿ ಮತ್ತೊಂದು. ಮೂರಕ್ಕೂ ಕಚೇರಿ ಬೇರೆ, ನಿಯಮ ಬೇರೆ. ತಪ್ಪು ಬಾಗಿಲು ತಟ್ಟಿದರೆ ‘ನಮ್ಮ ಕಚೇರಿಗೆ ಸಂಬಂಧಿಸಿದ್ದಲ್ಲ’ ಎಂಬ ಒಂದು ಸಾಲಿಗೆ ತಿಂಗಳು ಹೋಗುತ್ತದೆ.

ಏಜೆನ್ಸಿ ಲೋಕೋಪಯೋಗಿ ಇಲಾಖೆಯೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ, ನಿರ್ಮಿತಿ ಕೇಂದ್ರವೋ, ಜನ ಇನ್ನೂ ‘ಭೂಸೇನೆ’ ಎಂದೇ ಕರೆಯುವ ಸರ್ಕಾರಿ ಕಂಪನಿ ಕೆಆರ್‌ಐಡಿಎಲ್ಲೋ ಆಗಿರಬಹುದು. ಭೂಸೇನೆಗೆ ಕೊಟ್ಟ ಕೆಲಸವಾದರೆ ಒಂದು ಪ್ರಶ್ನೆ ಜಾಸ್ತಿ ಇರಲಿ: ಟೆಂಡರ್ ಇಲ್ಲದೆ ಕೊಡಲು ಟೆಂಡರ್ ಪಾರದರ್ಶಕ ಕಾಯ್ದೆಯ 4(ಜಿ) ವಿನಾಯಿತಿ ಪಡೆದಿದ್ದರೆ ಆ ಆದೇಶದ ಪ್ರತಿ.

ಅರ್ಜಿ ಬರೆಯುವಾಗ

ಮಾಹಿತಿ ಹಕ್ಕಿನ ಅರ್ಜಿಯನ್ನು ಮಂಡಳಿಗಲ್ಲ, ಕೆಲಸ ಮಾಡಿಸಿದ ಏಜೆನ್ಸಿಯ ವಿಭಾಗ ಅಥವಾ ಉಪವಿಭಾಗ ಕಚೇರಿಯ ಮಾಹಿತಿ ಅಧಿಕಾರಿಗೆ ಹಾಕಿ. ಎಂ.ಬಿ., ಬಿಲ್ಲು ಇರುವುದು ಅಲ್ಲೇ. ಕಚೇರಿ ತಪ್ಪಿದರೂ ಮಾಹಿತಿ ಹಕ್ಕು ಕಾಯ್ದೆಯ 6(3)ರ ಪ್ರಕಾರ ಐದು ದಿನದಲ್ಲಿ ಸರಿಯಾದ ಕಡೆಗೆ ಅವರೇ ವರ್ಗಾಯಿಸಬೇಕು. ಅದನ್ನು ನಂಬಿ ಕೂರದಿರುವುದು ಒಳ್ಳೆಯದು.

ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ತಾಲ್ಲೂಕಿನ ಐದು ವರ್ಷದ ಎಲ್ಲ ಕಾಮಗಾರಿಗಳ ವಿವರ’ ಎಂದು ಕೇಳುವ ಅರ್ಜಿ ತಿರಸ್ಕಾರಕ್ಕೆ ತಾನೇ ದಾರಿ ಮಾಡಿಕೊಡುತ್ತದೆ. ‘ಏಕೆ ಕಳಪೆ ಮಾಡಿದ್ದೀರಿ?’ ಎಂಬುದೂ ಬೇಡ. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ವಿವರಣೆ ಕೊಡುವ ಬಾಧ್ಯತೆ ಅವರಿಗಿಲ್ಲ. ಹೀಗೆ ಬರೆದರೆ ಸಾಕು:

‘ಇಂಥ ಗ್ರಾಮದ ಆಂಜನೇಯ ಗುಡಿಯಿಂದ ಅಂಗನವಾಡಿವರೆಗಿನ ಸಿಸಿ ರಸ್ತೆ ಕಾಮಗಾರಿಗೆ (ಇಂಥ ಸಾಲು, ಇಂಥ ಯೋಜನೆ) ಸಂಬಂಧಿಸಿ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಸಹಿತ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲುಗಳು, ಗುಣಮಟ್ಟ ಪರೀಕ್ಷಾ ವರದಿ, ಮೂರನೇ ವ್ಯಕ್ತಿ ತಪಾಸಣೆ ವರದಿ, ಪೂರ್ಣಗೊಂಡ ಪ್ರಮಾಣಪತ್ರ ಇವುಗಳ ದೃಢೀಕೃತ ಪ್ರತಿ ಕೊಡಿ. ಕಡತ ಪರಿಶೀಲನೆಗೂ ದಿನಾಂಕ ತಿಳಿಸಿ.’

ಕೊನೆಯ ಸಾಲನ್ನು ಬಿಡಬೇಡಿ. ಪ್ರತಿ ಕೊಡುವಾಗ ಒಂದೆರಡು ಪುಟ ಜಾರಿಹೋಗಬಹುದು. ಕಡತದ ಮುಂದೆ ಕುಳಿತರೆ ಪುಟಸಂಖ್ಯೆ ನಿಮ್ಮ ಕಣ್ಣೆದುರೇ ಇರುತ್ತದೆ. ಬೇಕಿದ್ದರೆ ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಬಹುದು. ಕಾಯ್ದೆಯ 2(ಜೆ) ಅದನ್ನೂ ಹಕ್ಕು ಎನ್ನುತ್ತದೆ, ಬಳಸುವವರು ಮಾತ್ರ ಕಡಿಮೆ. ಗುತ್ತಿಗೆದಾರನ ಬ್ಯಾಂಕ್ ಖಾತೆ, ಅಧಿಕಾರಿಯ ಮನೆ ವಿಳಾಸದಂಥ ಖಾಸಗಿ ವಿವರ ಕೇಳಿ 8(1)(ಜೆ) ನೆಪಕ್ಕೆ ಅವಕಾಶ ಕೊಡಬೇಡಿ.

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಮೇಲೆ ಯಾರ ಹೆಸರು ಬರೆಯಬೇಕು ಎಂದು ಕಚೇರಿಯಲ್ಲೇ ಕೇಳಿಕೊಳ್ಳಿ, ಇದೊಂದು ತಪ್ಪಿಗೆ ವಾಪಸ್ ಬರುವ ಅರ್ಜಿಗಳಿವೆ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ಕೈಯಾರೆ ಕೊಟ್ಟರೆ ಟಪಾಲು ವಿಭಾಗದಲ್ಲಿ ಎರಡನೇ ಪ್ರತಿಗೆ ಮೊಹರು, ದಿನಾಂಕ ಹಾಕಿಸಿಕೊಂಡೇ ಬನ್ನಿ. ಮುಂದಿನ ಗಡುವುಗಳನ್ನೆಲ್ಲ ಎಣಿಸುವುದು ಆ ಮೊಹರಿನಿಂದ.

ಎಂ.ಬಿ. ಓದುವುದು

ಅಂದಾಜು ಪಟ್ಟಿಯಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟ್ ಆಯಿತು. ದಪ್ಪ 10 ಸೆಂ.ಮೀ.ಗೆ ಇಳಿದರೆ 30 ಘನ ಮೀಟರ್. ಎಂ-20 ಕಾಂಕ್ರೀಟಿಗೆ, ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣಕ್ಕೆ, ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಹಿಡಿಯುತ್ತದೆ. ಅಲ್ಲಿಗೆ 120 ಚೀಲ ಉಳಿಯಿತು. ಮೇಲಿನಿಂದ ನೋಡಿದರೆ ರಸ್ತೆ ಒಂದೇ ಥರ.

ಅಂಚಿನಲ್ಲಿ ಟೇಪು ಹಿಡಿದು ಮೋಸ ಹೋಗಬೇಡಿ. ಅಂಚಿಗೆ ನಿಲ್ಲಿಸುವ ಶಟರಿಂಗ್ ಪಟ್ಟಿ 15 ಸೆಂ.ಮೀ. ಇದ್ದೇ ಇರುತ್ತದೆ. ನಡುವಿನಲ್ಲಿ ಮಣ್ಣು ಏರಿಸಿ ಕಾಂಕ್ರೀಟ್ ತೆಳ್ಳಗೆ ಸುರಿದಿದ್ದರೆ ಅಂಚು ಅದನ್ನು ಹೇಳುವುದಿಲ್ಲ. ಮನೆ ಮನೆಗೆ ನಲ್ಲಿ ಕೊಡಲು ಜಲ ಜೀವನ್ ಮಿಷನ್‌ನವರು (ಜೆಜೆಎಂ) ರಸ್ತೆ ಅಡ್ಡಕ್ಕೆ ಕತ್ತರಿಸಿದ ಜಾಗವಿದ್ದರೆ ಅಲ್ಲಿ ನೋಡಿ: ಮೇಲಿನ ಕಾಂಕ್ರೀಟು, ಕೆಳಗಿನ ಬೆಡ್ಡು, ಅದರ ಕೆಳಗಿನ ಗರಸು ಪದರ ಪದರವಾಗಿ ಕಾಣುತ್ತವೆ. ಸ್ಕೇಲು ನಿಲ್ಲಿಸಿ, ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಕತ್ತರಿಸಿದ ಜಾಗವಿಲ್ಲವೆಂದರೆ ನಡುವಿನಲ್ಲಿ ಕೋರ್ ಕಟಿಂಗ್ (ಯಂತ್ರದಿಂದ ಕಾಂಕ್ರೀಟಿನ ತುಂಡು ಕೊರೆದು ತೆಗೆಯುವುದು) ಮಾಡಿಸಿ ಎಂದು ಕಾರ್ಯನಿರ್ವಾಹಕ ಎಂಜಿನಿಯರಿಗೆ ಲಿಖಿತವಾಗಿ ಕೇಳಿ. ನೀವೇ ಹಾರೆ ಹಿಡಿದು ಅಗೆಯಲು ಹೋದರೆ ಸರ್ಕಾರಿ ಆಸ್ತಿ ಹಾನಿಯ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ.

ಬಿರುಕಿಗೆಲ್ಲ ಸಿಮೆಂಟ್ ಕಳವೇ ಕಾರಣವಲ್ಲ ಎಂಬುದೂ ಗೊತ್ತಿರಲಿ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗೆ ಉಬ್ಬುತ್ತದೆ. ತಳಕ್ಕೆ ಗರಸು ಹಾಕಿ ಸರಿಯಾಗಿ ದಮ್ಮಸ್ಸು ಮಾಡದಿದ್ದರೆ ಒಳ್ಳೆಯ ಕಾಂಕ್ರೀಟೂ ಸೀಳುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಹಾಕಿದ ರಸ್ತೆಗೆ ಮಣ್ಣಿನ ಒಡ್ಡು ಕಟ್ಟಿ ಎರಡು ವಾರವಾದರೂ ನೀರು ನಿಲ್ಲಿಸಬೇಕು. ಎರಡು ದಿನ ಪೈಪಿನಲ್ಲಿ ಚಿಮುಕಿಸಿ ಹೋದರೆ ಮೇಲ್ಪದರ ಪುಡಿಯಾಗಿ ಏಳುತ್ತದೆ.

ಪುಸ್ತಕದಲ್ಲಿ ಮೊದಲು ದಿನಾಂಕ ನೋಡಿ. ಕಾರ್ಯಾದೇಶ ಕೊಟ್ಟ ಮರುದಿನವೇ ಅಂತಿಮ ಅಳತೆ ಬರೆದಿದ್ದರೆ ಕೆಲಸ ಆದೇಶಕ್ಕಿಂತ ಮುಂಚೆಯೇ ಆಗಿರಬೇಕು, ಇಲ್ಲವೇ ಆಗಿಯೇ ಇಲ್ಲ. ಅಂದಾಜಿನ ಅಳತೆಯೂ ಎಂ.ಬಿ. ಅಳತೆಯೂ ಸೆಂಟಿಮೀಟರ್ ತಪ್ಪದೆ ಒಂದೇ ಆಗಿದ್ದರೆ ಅನುಮಾನ ಪಡಿ. ಹಳ್ಳಿಯ ಯಾವ ಓಣಿಯೂ ಅಷ್ಟು ನೇರವಾಗಿಲ್ಲ. ಕಿರಿಯ ಎಂಜಿನಿಯರ್ ಬರೆದ ಅಳತೆಯನ್ನು ಮೇಲಿನ ಎಂಜಿನಿಯರ್ ಪರಿಶೀಲಿಸಿ ಸಹಿ ಹಾಕಿದ್ದಾರೆಯೇ ಎಂದೂ ನೋಡಿ. ಇನ್ನೊಂದು ಹಳೆಯ ವಿದ್ಯೆ: ಒಂದು ಯೋಜನೆಯಲ್ಲಿ ‘ಗುಡಿಯಿಂದ ಅಂಗನವಾಡಿವರೆಗೆ’ ಇದ್ದ ರಸ್ತೆ ಇನ್ನೊಂದರಲ್ಲಿ ‘ಅಂಗನವಾಡಿಯಿಂದ ಗುಡಿವರೆಗೆ’ ಆಗುತ್ತದೆ. ಪಂಚಾಯಿತಿಯ ಕಾಮಗಾರಿ ಪಟ್ಟಿ ತಂದು ಪಕ್ಕದಲ್ಲಿಟ್ಟುಕೊಂಡು ಓದಿ.

ಉತ್ತರ ಬಾರದಿದ್ದರೆ

30 ದಿನ ಕಳೆದ ಮೇಲೆ ಕೊಡುವ ಮಾಹಿತಿಗೆ ಪ್ರತಿ ಶುಲ್ಕ ಕೇಳುವಂತಿಲ್ಲ. ಆ ಗಡುವು ಮುಗಿದು 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಸಿಟ್ಟು ಬೇಡ, ಅರ್ಜಿಯ ದಿನಾಂಕ, ಬಂದ ಉತ್ತರ ಅಥವಾ ಬಾರದಿದ್ದದ್ದು, ಬೇಕಾದದ್ದು ಇಷ್ಟು ಬರೆದರೆ ಆಯಿತು. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಕಲಬುರಗಿಯಲ್ಲಿ ಆಯೋಗದ ಪೀಠವಿದೆ. ಇಲ್ಲಿ ಕಲಂ ತಪ್ಪುವವರು ಬಹಳ. ಮಾಹಿತಿ ಬೇಕೆಂದರೆ 19(3)ರಡಿ ಮೇಲ್ಮನವಿಯೇ ಆಗಬೇಕು; 18ರಡಿ ದೂರು ಕೊಟ್ಟರೆ ಅಧಿಕಾರಿಗೆ ದಂಡ ಬೀಳಬಹುದು, ಕಾಗದ ಕೈಗೆ ಬರುವುದಿಲ್ಲ. ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000.

ಆಯೋಗದ ಸರದಿ ಕಾಯುತ್ತ ಸುಮ್ಮನೆ ಕೂರಬೇಕಿಲ್ಲ. ಗ್ರಾಮಸಭೆಯಲ್ಲಿ ವಿಷಯ ಎತ್ತಿ ಠರಾವು ಮಾಡಿಸಿ, ನಡಾವಳಿಯ ಪ್ರತಿ ಪಡೆಯಿರಿ. ಕಾಮಗಾರಿ ಪಂಚಾಯಿತಿಯದೇ ಆಗಿದ್ದರೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಗೆ ತಪ್ಪದೆ ಹೋಗಿ. ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದಿಸುವ ದಿನವದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದ್ದರಿಂದ, ನಡುವೆ ನಿಂತು ಕೇಳುವ ಸದಸ್ಯರು ಇಲ್ಲದಂತಾಯಿತು. ಶಾಸಕರ ಪತ್ರದ ಮೇಲೆ ಬಂದ ಕಾಮಗಾರಿಯ ಬಗ್ಗೆ ಅದೇ ಶಾಸಕರು ಸದನದಲ್ಲಿ ಪ್ರಶ್ನೆ ಕೇಳುವುದು ಅಪರೂಪ. ಈಶಾನ್ಯ ಪದವೀಧರ, ಶಿಕ್ಷಕರ ಕ್ಷೇತ್ರಗಳ ಪರಿಷತ್ ಸದಸ್ಯರಿಗೆ ಕಾಗದಗಳ ಸಮೇತ ಬರೆಯಿರಿ. ಸುಳ್ಳು ಬಿಲ್ಲು ಕಣ್ಣಿಗೆ ಕಟ್ಟುವಂತಿದ್ದರೆ ಮಾತ್ರ ಲೋಕಾಯುಕ್ತ. ಅದಕ್ಕೆ ನಿಗದಿತ ನಮೂನೆಯ ಜತೆ ಪ್ರಮಾಣಪತ್ರ (ಅಫಿಡವಿಟ್) ಬೇಕು, ಆರೋಪ ಐದು ವರ್ಷಕ್ಕಿಂತ ಹಳೆಯದಾಗಿರಬಾರದು. ಎಲ್ಲಿಗೇ ಹೋದರೂ ಒಬ್ಬರೇ ಹೋಗಬೇಡಿ. ಓಣಿಯ ನಾಲ್ಕು ಜನರ ಸಹಿ ಇದ್ದರೆ ಒತ್ತಡ ಒಬ್ಬರ ಮೇಲೆ ಬೀಳುವುದಿಲ್ಲ.

ಇದೆಲ್ಲದರ ಜತೆಗೇ ಪೂರ್ಣಗೊಂಡ ಪ್ರಮಾಣಪತ್ರದ ದಿನಾಂಕಕ್ಕೆ ಗುರುತು ಹಾಕಿಡಿ. ಅಲ್ಲಿಂದ ಇಂತಿಷ್ಟು ತಿಂಗಳು ರಸ್ತೆ ಕೆಟ್ಟರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು ಎಂದು ಕರಾರಿನಲ್ಲಿ ಬರೆದಿರುತ್ತದೆ; ಅವನ ಭದ್ರತಾ ಠೇವಣಿಯನ್ನು ಹಿಡಿದಿಡುವುದೂ ಅದಕ್ಕೇ. ಅವಧಿ ಮುಗಿಯುವ ಮುನ್ನ ಸ್ಕೇಲಿಟ್ಟ ಫೋಟೊ, ಗ್ರಾಮಸಭೆಯ ಠರಾವು ಸೇರಿಸಿ, ದುರಸ್ತಿಯಾಗುವವರೆಗೆ ಠೇವಣಿ ಬಿಡುಗಡೆ ಮಾಡಬಾರದೆಂದು ಕಾರ್ಯನಿರ್ವಾಹಕ ಎಂಜಿನಿಯರಿಗೆ ಪತ್ರ ಕೊಡಿ. ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ, ಇನ್ನೊಂದು ಕಲಬುರಗಿಯ ಮಂಡಳಿ ಕಾರ್ಯದರ್ಶಿಗೆ.